ಎಪ್ಪತ್ತೆರಡನೆಯ ನಿಮಿಷದ ಹೆಣ

ಇಪ್ಪತ್ತೆರಡು ವರ್ಷಗಳಿಂದ ಜಯಶೀಲ ವಂದನಾರ್ಪಣೆ ಮಾಡುತ್ತಲೇ ಬಂದಿದ್ದಾನೆ. ಡೊಂಬಿವಲಿ ಪೂರ್ವದ ‘ಸ್ನೇಹಸೌರಭ ಕನ್ನಡ ಬಳಗ’ದಲ್ಲಿ ಯಾವ ಕಾರ್ಯಕ್ರಮವೇ ಇರಲಿ, ಪ್ರಾರ್ಥನೆ ಹಾಡುವವರು ಬದಲಾಗುತ್ತಾರೆ, ಅತಿಥಿಗಳು ಬದಲಾಗುತ್ತಾರೆ, ಅಧ್ಯಕ್ಷ ಕಿಟ್ಟಣ್ಣನವರ ತಲೆಗೂದಲಿನ ಬಣ್ಣ ಕೂಡ ಆಗಾಗ ಬದಲಾಗುತ್ತದೆ. ಆಮಂತ್ರಣ ಪತ್ರಿಕೆಯ ಕೊನೆಯ ಸಾಲು ಮಾತ್ರ ಕಲ್ಲಿನಲ್ಲಿ ಕೆತ್ತಿದ ಶಾಸನ: ‘ವಂದನಾರ್ಪಣೆ: ಶ್ರೀ ಜಯಶೀಲ.’

ವಂದನಾರ್ಪಣೆಯ ವೈಭವ ಏನೆಂದು ಮಾಡಿದವರಿಗೇ ಗೊತ್ತು. ಅಧ್ಯಕ್ಷರ ಭಾಷಣ ಮುಗಿಯುವುದಕ್ಕೂ ಹಿಂದಿನ ಬಾಗಿಲಿನಿಂದ ಉಪ್ಪಿಟ್ಟಿನ ಪರಿಮಳ ತೇಲಿಬರುವುದಕ್ಕೂ ಸರಿಹೋಗುತ್ತದೆ. (ಉಪ್ಪಿಟ್ಟು ಕಿಟ್ಟಣ್ಣನವರ ಹೋಟೆಲಿನದು. ಅವರು ಅಧ್ಯಕ್ಷರಾಗಿರುವುದೂ ಅದೇ ಕಾರಣಕ್ಕೆ.) ಸಭೆ ಒಟ್ಟಿಗೇ ಎದ್ದು ಆ ಕಡೆ ನಡೆಯುತ್ತದೆ. ಜಯಶೀಲ ಮೈಕಿನ ಮುಂದೆ ನಿಂತು, “ಕುರ್ಚಿಗಳನ್ನು ಒದಗಿಸಿದವರಿಗೆ” ಎಂದು ಆ ಖಾಲಿ ಕುರ್ಚಿಗಳ ಎದುರೇ ಕೃತಜ್ಞತೆ ಸಲ್ಲಿಸುತ್ತಿರುತ್ತಾನೆ. ಒಂದೊಂದು ಸಲ ಅವನು ಪಟ್ಟಿ ಮುಗಿಸಿ ಕೆಳಗಿಳಿಯುವಷ್ಟರಲ್ಲಿ ಉಪ್ಪಿಟ್ಟೂ ಮುಗಿದಿರುತ್ತದೆ.

ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಶಾಲು. ಆ ಬಳಗದಲ್ಲಿ ಶಾಲು ಹೊದೆಯದ ಹೆಗಲೇ ಇಲ್ಲ. ನಿವೃತ್ತರಾದವರಿಗೆ ಶಾಲು, ಮೊಮ್ಮಗು ಹುಟ್ಟಿದವರಿಗೆ ಶಾಲು, ಒಮ್ಮೆ ಯಾರಿಗೋ ಕಣ್ಣಿನ ಪೊರೆ ತೆಗೆಸಿಕೊಂಡದ್ದಕ್ಕೂ ಶಾಲು. ಹೊದೆಸುವಾಗ ಪಕ್ಕದಲ್ಲಿ ತಟ್ಟೆ ಹಿಡಿದು ನಿಲ್ಲುವವನು ಜಯಶೀಲ. ಸಾವಿರಾರು ಫೋಟೋಗಳಲ್ಲಿ ಅವನ ಎರಡು ಕೈಗಳು ಬಂದಿವೆ.

“ನಿಮ್ಗೆ ಎಂತಕ್ಕೆ ಮಾರಾಯ್ರೆ ಶಾಲು?” ಎನ್ನುತ್ತಾಳೆ ಹೆಂಡತಿ ಮುಕ್ತಾ. “ಈ ಡೊಂಬಿವಲಿ ಸೆಕೆಗೆ ಬನಿಯನ್ನೇ ಹೆಚ್ಚಾಗ್ತದೆ. ಬೆವರುಸಾಲೆ ಏಳ್ಲಿಕ್ಕೆ ಉಂಟಾ?”

ಸನ್ಮಾನದ ಉಷ್ಣತೆ ಬೇರೆ, ಹವೆಯ ಉಷ್ಣತೆ ಬೇರೆ ಎಂಬುದು ಅವಳಿಗೆ ಅರ್ಥವಾಗುವುದಿಲ್ಲ. ಜಯಶೀಲ ಮಾಜಿವಾಡಾದಲ್ಲಿ ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ದೂರು ಕೇಳುವ ಕೆಲಸ ಮಾಡುತ್ತಾನೆ. ಹಗಲಿಡೀ ಫೋನಿನಲ್ಲಿ ನಡುಮಾಳಿಗೆಯಲ್ಲಿ ಸಿಕ್ಕಿಬಿದ್ದವರ ಬೈಗುಳ ಕೇಳುತ್ತಾನೆ. ಸಂಜೆ ಮನೆಗೆ ಬಂದರೆ ಮುಕ್ತಾ ಮಾತಾಡುತ್ತಾಳೆ. ಅವಳು ಉಸಿರು ತೆಗೆದುಕೊಳ್ಳುವಾಗ ಅವಳ ತಾಯಿ ವೇದಾವತಿ ಮಾತಾಡುತ್ತಾರೆ. ಅಳಿಯ ಮಾತಾಡಿ ಯಾರಾದರೂ ಕೂತು ಕೇಳುವುದು ಎಂಬ ಘಟನೆ ಆ ಮನೆಯ ಇತಿಹಾಸದಲ್ಲಿ ದಾಖಲಾಗಿಲ್ಲ. ಜೀವಮಾನದಲ್ಲಿ ಒಂದು ಸಲ ಮುಖ್ಯ ಭಾಷಣಕಾರನಾಗಬೇಕು, ಹೆಗಲ ಮೇಲೆ ಒಂದು ಶಾಲು ಬೀಳಬೇಕು, ಮುಕ್ತಾ ಅದನ್ನು ಮೊದಲ ಸಾಲಿನಲ್ಲಿ ಕೂತು ನೋಡಬೇಕು. ಇಷ್ಟೇ ಅವನ ಆಸೆ.

ದಾರಿ ತೋರಿದ್ದು ಉಲ್ಹಾಸನಗರ. ಮಿಕ್ಸರಿನ ಜಾರಿಗೆ ರಬ್ಬರು ಹುಡುಕಿಕೊಂಡು ಅಲ್ಲಿನ ಗಲ್ಲಿಗಳಲ್ಲಿ ಅಲೆಯುವಾಗ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ವಿಸಿಡಿ ಸಿಕ್ಕಿತು. ಮೇಲೆ ಕನ್ನಡ ಅಕ್ಷರ: ‘ಮಲಗದ ಮಸಣ.’ ಮನೆಗೆ ತಂದು ಹಾಕಿ ನೋಡಿದ. ನೋಡಿ ಮುಗಿಸಿದಾಗ ಅವನು ಹಳೆಯ ಜಯಶೀಲನಾಗಿ ಉಳಿದಿರಲಿಲ್ಲ.

ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುವ ಒಂದು ಹಳೆಯ ಕಪ್ಪು-ಬಿಳುಪಿನ ಅಮೆರಿಕನ್ ಚಿತ್ರವಿದೆ, ಲೋಕವೆಲ್ಲ ಅದನ್ನು ಮೇರುಕೃತಿ ಎಂದು ಕೊಂಡಾಡುತ್ತದೆ. ‘ಮಲಗದ ಮಸಣ’ ಅದರ ಕನ್ನಡ ರೀಮೇಕ್. ಇಪ್ಪತ್ತಾರು ವರ್ಷದ ಹಿಂದೆ ಯಾರೋ ನಾಲ್ಕು ಮಂದಿ ಮುಂಬಯಿ ಕನ್ನಡಿಗರು ಸೇರಿ ಕಲ್ಯಾಣದಲ್ಲಿ ಚಿತ್ರೀಕರಿಸಿದ್ದು. ಮೂರು ದಿನ ಬೆಳಗಿನ ಆಟ ಓಡಿ ಮಲಗಿದ್ದು ಮತ್ತೆ ಏಳಲಿಲ್ಲ. ನಿರ್ದೇಶಕರು ಊರಿಗೆ ಹೋಗಿ ಹೆಂಚಿನ ವ್ಯಾಪಾರ ಹಿಡಿದರಂತೆ.

ಜಯಶೀಲನ ಪ್ರಕಾರ ಮೂಲಕ್ಕಿಂತ ಈ ರೀಮೇಕು ನೂರು ಪಾಲು ಮೇಲು. ಮೂಲದಲ್ಲಿ ಜನ ಒಂದು ಒಂಟಿ ಮನೆಯಲ್ಲಿ ಸಿಕ್ಕಿಬೀಳುತ್ತಾರೆ. ಕಲ್ಯಾಣದಲ್ಲಿ ಒಂಟಿ ಮನೆ ಎಲ್ಲಿಂದ ತರುವುದು? ಇಲ್ಲಿ ನಾಲ್ಕು ಮಾಳಿಗೆಯ ಹೌಸಿಂಗ್ ಸೊಸೈಟಿಯನ್ನೇ ಹೆಣಗಳು ಮುತ್ತುತ್ತವೆ. ಗೇಟಿನಲ್ಲಿ ವಾಚ್‌ಮನ್ ಅವುಗಳಿಗೆ ರಿಜಿಸ್ಟರಿನಲ್ಲಿ ಸಹಿ ಹಾಕಲು ಹೇಳುತ್ತಾನೆ. ಒಳಗೆ ಸದಸ್ಯರು ತುರ್ತು ಸಭೆ ಕರೆಯುತ್ತಾರೆ. ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡುತ್ತಾರೆ. ಅಷ್ಟು ಹೊತ್ತು ಹೆಣಗಳು ಹೊರಗೆ ಕಾಯುತ್ತವೆ. ಮೂಲದಲ್ಲಿ ಎಲ್ಲವೂ ರಾತ್ರಿ. ಇಲ್ಲಿ ಲೈಟಿಗೆ ದುಡ್ಡಿರಲಿಲ್ಲವಾದ್ದರಿಂದ ಹೆಣಗಳು ಮಧ್ಯಾಹ್ನ ಎರಡೂವರೆಗೆ ಏಳುತ್ತವೆ.

“ರಾತ್ರಿ ಹೆದರಿಸ್ಲಿಕ್ಕೆ ಯಾರಿಗೂ ಬರ್ತದೆ,” ಎಂದು ಜಯಶೀಲ ಮನೆಯವರಿಗೆ ವಿವರಿಸಿದ. “ಮಟಮಟ ಮಧ್ಯಾಹ್ನ ಹೆದರಿಸ್ಬೇಕು. ಅದು ಕಲೆ.”

“ಆ ಹೆಣದ ಪಿಕ್ಚರು ಬಂದ್ ಮಾಡಿ, ದೀಪ ಹಚ್ಚುವ ಹೊತ್ತು,” ಎಂದರು ವೇದಾವತಿ. ಎಪ್ಪತ್ತೆರಡು ವಯಸ್ಸು. ಕಲ್ಯಾಣದ ಮನೆ ಬಿಟ್ಟು ಮಗಳ ಮನೆಗೆ ಬಂದು ಎರಡು ವರ್ಷವಾಯಿತು. ನಲವತ್ತು ವರ್ಷ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಓಡಾಡಿದ ಪುಣ್ಯಾತ್ಮೆ. ಇಂದಿಗೂ ಅಡುಗೆಮನೆಯಿಂದ ಬಾಲ್ಕನಿಗೆ ಹೋಗಬೇಕಾದರೆ ಎದುರಿಗಿದ್ದವರನ್ನು ಮೊಣಕೈಯಿಂದ ತಿವಿದೇ ದಾರಿ ಮಾಡಿಕೊಳ್ಳುವುದು. “ಆಚೆ ಸರೀರಿ ಜಯಶೀಲ,” ಎಂದು ಅಳಿಯನ ಪಕ್ಕೆಗೆ ಒಂದು ಕೊಟ್ಟು, ಟೀವಿಗೆ ಬೆನ್ನು ಹಾಕಿ, ತರಕಾರಿ ಚೀಲ ಹಿಡಿದು ಎಡದಿಂದ ಬಲಕ್ಕೆ ಹಾದುಹೋದರು.

ಆ ಅಡಚಣೆಯಿಂದ ಜಯಶೀಲನಿಗೆ ತಪ್ಪಿಹೋದದ್ದು ಚಿತ್ರದ ಅತ್ಯಂತ ಶ್ರೇಷ್ಠ ದೃಶ್ಯ. ಮತ್ತೆ ಹಿಂದಕ್ಕೆ ಓಡಿಸಿದ. ಎಪ್ಪತ್ತೆರಡನೆಯ ನಿಮಿಷ. ಇಪ್ಪತ್ತು ಹೆಣಗಳು ಕೈ ಮುಂದೆ ಚಾಚಿ ಬಲದಿಂದ ಎಡಕ್ಕೆ ತೂರಾಡುತ್ತ ಬರುತ್ತಿವೆ. ಇದ್ದಕ್ಕಿದ್ದಂತೆ ಎಡಗಡೆಯಿಂದ ಒಂದು ಹೆಣ್ಣು ಹೆಣ ಪ್ರವೇಶಿಸುತ್ತದೆ. ಕೈಯಲ್ಲಿ ಚೀಲ, ಚೀಲದಿಂದ ಹೊರಗೆ ಚಾಚಿದ ನುಗ್ಗೆಕಾಯಿ. ಅದು ತೂರಾಡುವುದಿಲ್ಲ, ದಾಪುಗಾಲು ಹಾಕುತ್ತದೆ. ಅಡ್ಡ ಬಂದ ಎರಡು ಹೆಣಗಳನ್ನು ಪಕ್ಕಕ್ಕೆ ತಳ್ಳುತ್ತದೆ. ನಿಲ್ಲುತ್ತದೆ. ಕ್ಯಾಮೆರಾವನ್ನೇ ದುರುಗುಟ್ಟಿ ನೋಡಿ ತುಟಿ ಅಲ್ಲಾಡಿಸುತ್ತದೆ, ಶಬ್ದವಿಲ್ಲ. ಕೈಗಡಿಯಾರ ನೋಡಿಕೊಂಡು ಬಲಕ್ಕೆ ಮಾಯವಾಗುತ್ತದೆ. ಒಟ್ಟು ಹತ್ತೊಂಬತ್ತು ಸೆಕೆಂಡು. ಹಳೆಯ ವಿಸಿಡಿ, ಮುಖ ಕಡಲೆಬೀಜದಷ್ಟು, ಅದೂ ಮಸುಕು. ಆದರೂ ಜಯಶೀಲನಿಗೆ ಮೈ ಜುಮ್ಮೆಂದಿತು.

ಅದೇ ಹೊತ್ತಿಗೆ ಸೌಟು ಹಿಡಿದು ಬಂದ ಮುಕ್ತಾ ಟೀವಿಯ ಮುಂದೆ ನಿಂತಳು. ಕಣ್ಣು ಕಿರಿದು ಮಾಡಿ ನೋಡಿದಳು. “ಇನ್ನೊಮ್ಮೆ ಹಾಕಿ,” ಎಂದಳು. ಹಾಕಿದ. ಇನ್ನೊಮ್ಮೆ ಎಂದಳು. ಹಾಕಿದ. ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಸೌಟನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ಹೆಂಡತಿಯನ್ನೂ ಮೂಕಳನ್ನಾಗಿಸುವ ಚಿತ್ರ! ಜಯಶೀಲ ಅಂದೇ ಭಾಷಣ ಬರೆಯಲು ಕೂತ.

ಬಳಗದ ಕಾರ್ಯಕಾರಿ ಸಮಿತಿಯಲ್ಲಿ ವಿಷಯ ಇಟ್ಟಾಗ ಕಿಟ್ಟಣ್ಣನವರು ಚಹಾದ ಲೋಟ ಕೆಳಗಿಟ್ಟರು. “ಹೆಣದ ಸಿನಿಮಾನಾ? ಅಲ್ಲ ಜಯಶೀಲ, ವಾರ್ಷಿಕೋತ್ಸವಕ್ಕೆ ಹೆಂಗಸ್ರು ಮಕ್ಕಳು ಎಲ್ಲ ಬರ್ತಾರೆ. ಮೇಲಿಂದ ಶೀರಾ ಬೇರೆ ಮಾಡಿಸುವ ಅಂತಿದ್ದೇನೆ.”

“ಚಿತ್ರ ರಸಗ್ರಹಣ ಅಂತ ಹಾಕುವ ಅಣ್ಣ. ಆಯ್ದ ದೃಶ್ಯ ಮಾತ್ರ. ನಾನು ಮಾತಾಡ್ತೇನೆ.”

“ಅದು ಮತ್ತೆ ನೋಡುವ. ಮುಂದಿನ ವರ್ಷ.”

ಜಯಶೀಲ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. “ಹಾಗಾದ್ರೆ ಇನ್ನು ಮುಂದೆ ವಂದನಾರ್ಪಣೆಗೆ ಬೇರೆಯವರನ್ನು ನೋಡಿಕೊಳ್ಳಿ.”

ಖಜಾಂಚಿ ಕಾರ್ಯದರ್ಶಿಯ ಮುಖ ನೋಡಿದರು, ಕಾರ್ಯದರ್ಶಿ ಉಪಾಧ್ಯಕ್ಷರ ಮುಖ ನೋಡಿದರು, ಉಪಾಧ್ಯಕ್ಷರಿಗೆ ಆ ಕ್ಷಣವೇ ಫೋನ್ ಬಂತು. ಬಿಸಿ ಉಪ್ಪಿಟ್ಟು ಬಿಟ್ಟು ಖಾಲಿ ಕುರ್ಚಿಗಳಿಗೆ ಧನ್ಯವಾದ ಹೇಳುವ ತ್ಯಾಗಜೀವಿ ಇನ್ನೊಬ್ಬ ಠಾಣೆ ಜಿಲ್ಲೆಯಲ್ಲಿ ಸಿಗುವುದುಂಟೇ? ಎರಡು ನಿಮಿಷದಲ್ಲಿ ಠರಾವು ಪಾಸಾಯಿತು. ಮುಖ್ಯ ಭಾಷಣ: ಶ್ರೀ ಜಯಶೀಲ. ವಂದನಾರ್ಪಣೆ: (ಅದು ತಪ್ಪಲಿಲ್ಲ) ಶ್ರೀ ಜಯಶೀಲ.

ಭಾಷಣಕ್ಕೆ ಒಂದು ಕಳಶವೂ ಬೇಕಲ್ಲ? ಚಿತ್ರದ ಕೊನೆಗೆ ಹೆಸರುಗಳು ಬರುವಾಗ ‘ಹೆಣಗಳು: ಮಾಪಣ್ಣ ಮತ್ತು ಸಂಗಡಿಗರು’ ಎಂದು ಭಜನಾ ಮಂಡಳಿಯ ಹಾಗೆ ಹಾಕಿದ್ದರು. ಕಲ್ಯಾಣದ ಹಮಾಲರಂತೆ. ಅಲ್ಲಿ ವಿಚಾರಿಸಿದರೆ, ಅವರೆಲ್ಲ ಈಗ ವಾಶಿಯ ಮಾರ್ಕೆಟ್ಟಿನಲ್ಲಿ ಎಂದರು. ಜಯಶೀಲ ಎರಡು ಶನಿವಾರ ರಜೆ ಹಾಕಿ ಈರುಳ್ಳಿ ಗೋಣಿಗಳ ನಡುವೆ ಹುಡುಕಿದ. ಮೂರನೆಯ ಶನಿವಾರ ಸಿಕ್ಕಿದರು, ನರೆತ ಮೀಸೆಯ ಮಾಪಣ್ಣ. ಮೂಲ ಕಲಬುರಗಿ ಕಡೆಯವರು; ಈಗ ಹಮಾಲರ ಮುಕಾದಮ, ಎಂದರೆ ಮೇಸ್ತ್ರಿ.

“ಹೌದ್ರೀ ಸಾಹೇಬ್ರ, ನಾನೇ ಹೆಣ ಆಗಿದ್ದೆ ನೋಡ್ರಿ,” ಎಂದು ಮಾಪಣ್ಣ ನಾಚಿಕೊಂಡರು. “ಮಾರಿಗಿ ಸುಣ್ಣ ಬಡದು, ಬಾಯಾಗ ಕುಂಕುಮದ ನೀರು ಹಾಕಿ, ಬಿಸಲಾಗ ಅಡ್ಡಾಡ್ಸಿದ್ರು. ಸಂಜೀಗಿ ವಡಾಪಾವ್ ಕೊಟ್ರು. ಇಷ್ಟು ವರ್ಷ ಆದ್ರೂ ಒಬ್ಬರೂ ಕೇಳಿದ್ದಿಲ್ರಿ.”

ಜಯಶೀಲನ ಕಣ್ಣು ಒದ್ದೆಯಾಯಿತು. (ಪಕ್ಕದಲ್ಲೇ ಈರುಳ್ಳಿ ಇತ್ತು, ಆದರೂ.) ಆ ನುಗ್ಗೆಕಾಯಿಯ ಕಲಾವಿದೆಯ ಬಗ್ಗೆ ಅಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ವೇದಿಕೆಯ ಮೇಲೆ ಸಭಿಕರೆಲ್ಲರ ಎದುರು ಕೇಳಿದರೆ ಅದರ ಪರಿಣಾಮವೇ ಬೇರೆ ಎಂದು ಲೆಕ್ಕ ಹಾಕಿದ. ಇಂಥ ಲೆಕ್ಕಗಳಲ್ಲಿ ಅವನು ಎಂದೂ ಪಾಸಾದವನಲ್ಲ.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಕಿಟ್ಟಣ್ಣನವರ ಹೋಟೆಲಿನ ಗಲ್ಲಾದ ಮೇಲೆ ಎರಡು ಶಾಲಿನ ಪೊಟ್ಟಣಗಳು ಕಂಡವು.

“ಎರಡು ಯಾಕಣ್ಣ?”

“ಒಂದು ಆ ಮಾಪಣ್ಣನವರಿಗೆ.”

“ಇನ್ನೊಂದು?”

ಕಿಟ್ಟಣ್ಣನವರು ಅತ್ತಿತ್ತ ನೋಡಿದರು. “ಅದು ಸರ್‌ಪ್ರೈಸ್. ಮುಕ್ತಾ ಫೋನ್ ಮಾಡಿ ಹೇಳಿದ್ದು. ನಿಮ್ಮ ಹತ್ರ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ದಾರೆ.”

ಮುಕ್ತಾ! ಮೇಲೆ ಅಷ್ಟು ಬೈದರೂ ಒಳಗೆ ಇಂಥ ಹೃದಯ! ಜಯಶೀಲ ಆ ದಿನದಿಂದ ಬೇರೆಯೇ ಗಂಡನಾದ. ಬೆಳಿಗ್ಗೆ ತಾನೇ ಚಹಾ ಮಾಡಿ ಹೆಂಡತಿಗೆ ಕೊಟ್ಟ. ಒಣಗಿದ ಬಟ್ಟೆ ಮಡಿಸಿದ. ಬೀಗದ ಕೈ ಎಲ್ಲಿ ಎಂದು ಕೂಗದೆ ತಾನೇ ಹುಡುಕಿಕೊಂಡ. ಮುಕ್ತಾ ಒಂದು ಸಲ ಅವನ ಹಣೆ ಮುಟ್ಟಿ ಜ್ವರ ಇದೆಯೋ ನೋಡಿದಳು.

“ಭಾನುವಾರ ಅಮ್ಮನನ್ನೂ ಕರ್ಕೊಂಡು ಬರ್ತೇನೆ,” ಎಂದಳು. “ಮೊದಲನೇ ಸಾಲಲ್ಲಿ ಕೂರಿಸುವ.”

“ಬರ್ಲಿ ಬರ್ಲಿ,” ಎಂದ ಜಯಶೀಲ ಉದಾರವಾಗಿ. ತನ್ನ ಹೆಗಲಿಗೆ ಶಾಲು ಬೀಳುವುದನ್ನು ಅತ್ತೆಯೂ ನೋಡಲಿ. “ಹೊಸ ಸೀರೆ ಉಟ್ಕೊಳ್ಲಿಕ್ಕೆ ಹೇಳು.”

ಭಾನುವಾರ ಸಂಜೆ ನಾಲ್ಕೂವರೆಗೆ ಶಾಲೆಯ ಸಭಾಂಗಣ ತುಂಬಿತ್ತು. ಹೆಣ ನೋಡಲು ಇಷ್ಟು ಜನವೋ, ಶೀರಾ ಸುದ್ದಿ ಹರಡಿತ್ತೋ, ಹೇಳುವುದು ಕಷ್ಟ. ಮೊದಲ ಸಾಲಿನಲ್ಲಿ ಮುಕ್ತಾ, ಪಕ್ಕದಲ್ಲಿ ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆಯಲ್ಲಿ ವೇದಾವತಿ. ಬರುವಾಗ ದಾರಿಯಲ್ಲಿ ನುಗ್ಗೆಕಾಯಿ ಚೆನ್ನಾಗಿ ಕಂಡಿತೆಂದು ಕೊಂಡಿದ್ದರು. ಇಡಲು ಜಾಗವಿಲ್ಲದೆ ಚೀಲವನ್ನು ವೇದಿಕೆಯ ಮೇಲೆ, ಮೈಕಿನ ಕಂಬದ ಹಿಂದೆ ತುರುಕಿದ್ದರು. ಲ್ಯಾಪ್‌ಟಾಪಿನ ಮುಂದೆ ಜಯಶೀಲನ ಮಗಳು ಮಾನಸಿ. ವೇದಿಕೆಯ ಮೇಲೆ ಕಿಟ್ಟಣ್ಣನವರು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮಾಪಣ್ಣ, ನಡುವೆ ಮುಖ್ಯ ಭಾಷಣಕಾರ.

ಜಯಶೀಲ ಮಾತಾಡಿದ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಮಾತಾಡಿದ. ಕೋರಂ ಇಲ್ಲದ ಸಭೆಯ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಕ್ಕರು. ವಾಚ್‌ಮನ್ ರಿಜಿಸ್ಟರ್ ಚಾಚಿದಾಗ ಚಪ್ಪಾಳೆ ಬಿತ್ತು. ಇಪ್ಪತ್ತಾರು ವರ್ಷ ಯಾರೂ ಕಣ್ಣೆತ್ತಿ ನೋಡದಿದ್ದ ಚಿತ್ರಕ್ಕೆ ಆ ಸಂಜೆ ಜೀವ ಬಂದಿತು. ಜಯಶೀಲನಿಗೂ ಬಂದಿತು. ಆ ಹುರುಪಿನಲ್ಲಿ ಅವನು ಎಪ್ಪತ್ತೆರಡನೆಯ ನಿಮಿಷಕ್ಕೆ ಬಂದ.

“ಈಗ ನೀವು ನೋಡುವ ಕಲಾವಿದೆಯ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲ ಹೆಣಗಳೂ ಒಂದು ಕಡೆ ಹೋದರೆ ಈಕೆ ಇನ್ನೊಂದು ಕಡೆ! ಸತ್ತವರೊಳಗೂ ಒಬ್ಬ ಬಂಡಾಯಗಾರ್ತಿ! ಆ ಮೌನ ಚೀತ್ಕಾರ ನೋಡಿ. ಸತ್ತರೂ ಕಾಲದಿಂದ ಬಿಡುಗಡೆಯಿಲ್ಲ ಎಂದು ಸಾರುವ ಆ ಕೈಗಡಿಯಾರ ನೋಡಿ! ಮುಖದ ಮೇಲಿನ ಆ ಭೀಕರತೆ ಮೇಕಪ್ಪಿನಿಂದ ಬರುವಂಥದ್ದಲ್ಲ ಸ್ವಾಮಿ, ಅದು ಹುಟ್ಟಿನಿಂದಲೇ ಬರಬೇಕು! ಈ ಮಹಾತಾಯಿ ಎಂದಾದರೂ ನನ್ನೆದುರು ಬಂದರೆ, ಈ ಸಭೆಯ ಸಾಕ್ಷಿಯಾಗಿ ಹೇಳ್ತೇನೆ, ಸಾಷ್ಟಾಂಗ ನಮಸ್ಕಾರ ಹಾಕ್ತೇನೆ!”

ಜೋರು ಚಪ್ಪಾಳೆ. ಮುಕ್ತಾ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಳು.

“ಮಾಪಣ್ಣನವರೇ, ನೀವು ಅವರ ಜೊತೆ ನಟಿಸಿದವರು. ಆ ಕಲಾವಿದೆ ಯಾರು? ಎಲ್ಲಿಯವರು? ಹೇಳಿ!”

ಮಾಪಣ್ಣ ಮೈಕ್ ಹಿಡಿದು ಪರದೆ ನೋಡಿದರು. “ಅಯ್ಯ, ಈಕಿ ನಮ್ಮ ಸಂಗಾಟ ಇದ್ದಾಕಿ ಅಲ್ರೀ ಸಾಹೇಬ್ರ. ರೈಲಿಗಿ ಹೊಂಟಿದ್ರು. ನಾವು ಅಡ್ಡ ಬಂದೀವಿ. ಕೈಲಿಂದ ಹಿಂಗ ತಿವದು, ‘ಹಗಲೇ ಕುಡಿದಿದ್ದೀರಾ, ನಾಚಿಕೆ ಇಲ್ವಾ’ ಅಂತ ಬೈದು ಹೋಗೇಬಿಟ್ರು. ನಾವು ಹೆಣ ಇದ್ದೀವಿ, ತಿರುಗಿ ಬೈಯೋಹಂಗಿಲ್ಲ. ಆಕಿಗಿ ಮೇಕಪ್ಪೂ ಮಾಡಿದ್ದಿಲ್ರಿ. ರೀಲ್ ಕಡಿಮಿ ಇತ್ತಂತ, ಹಂಗೇ ಬಿಟ್ರು.”

ಸಭೆ ಗೊಳ್ಳೆಂದಿತು. ಅಷ್ಟರಲ್ಲಿ ಮಾನಸಿ ಕೂಗಿದಳು: “ಪಪ್ಪಾ, ಝೂಮ್ ಕರೂ ಕ್ಯಾ?” ಅಪ್ಪನ ಉತ್ತರಕ್ಕೆ ಕಾಯದೆ ಚಿತ್ರವನ್ನು ಹಿಗ್ಗಿಸಿಯೇ ಬಿಟ್ಟಳು. ಕಡಲೆಬೀಜದಷ್ಟಿದ್ದ ಮುಖ ಆರಡಿ ಎತ್ತರವಾಗಿ ಗೋಡೆಯ ಮೇಲೆ ನಿಂತಿತು. ಕೂದಲು ಕಪ್ಪು, ಕನ್ನಡಕ ಇಲ್ಲ. ಆದರೆ ಆ ದುರುಗುಟ್ಟುವ ನೋಟ! ದಿನಾ ಬೆಳಿಗ್ಗೆ ಬಚ್ಚಲಿನಿಂದ ತಡವಾಗಿ ಹೊರಬಂದಾಗ ಜಯಶೀಲನ ಮೇಲೆ ಬೀಳುವ ನೋಟ ಅದು.

“ಅರೇ!” ಎಂದಳು ಮಾನಸಿ. “ಯೇ ತೋ ಅಜ್ಜಿ ಹೈ!”

“ಅಲ್ಲೇ ಕುಂತಾರಲ್ರೀ!” ಎಂದು ಮಾಪಣ್ಣ ಮೊದಲ ಸಾಲಿಗೆ ಕೈ ಮುಗಿದರು.

ವೇದಾವತಿ ನಿಧಾನವಾಗಿ ಎದ್ದು ನಿಂತರು. ‘ಹೆಣ’, ‘ಭೀಕರ’, ‘ಹುಟ್ಟಿನಿಂದಲೇ’ ಎಂಬ ತನ್ನ ಮಾತುಗಳೆಲ್ಲ ಜಯಶೀಲನ ಕಿವಿಯಲ್ಲಿ ಒಂದೊಂದಾಗಿ ಮೊಳಗಿದವು. ಇವತ್ತಿಗೆ ತನ್ನ ಅನ್ನದ ಋಣ ಮುಗಿಯಿತು ಎಂದುಕೊಂಡ.

“ಓ ಅದು ನಾನೇ ಅಲ್ವಾ!” ಎಂದರು ವೇದಾವತಿ. ಮುಖ ಊರಗಲವಾಗಿತ್ತು. “ನಾನು ಸಿನಿಮಾದಲ್ಲಿ ಉಂಟು! ಮುಕ್ತಾ, ನಾನು ಸಿನಿಮಾದಲ್ಲಿ ಉಂಟು ಮಾರಾಯ್ತಿ!”

“ಸಾಷ್ಟಾಂಗ! ಸಾಷ್ಟಾಂಗ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ಅದನ್ನೇ ಹಿಡಿದುಕೊಂಡಿತು. ಸಾಕ್ಷಿಗೆ ಕರೆದವನೇ ಇವನು, ತಪ್ಪಿಸಿಕೊಳ್ಳುವುದು ಹೇಗೆ? ವೇದಾವತಿ ವೇದಿಕೆ ಹತ್ತಿದರು. ಐವತ್ತೆರಡರ ಸೊಂಟವನ್ನು ಕಂತು ಕಂತಾಗಿ ಬಗ್ಗಿಸಿ ಜಯಶೀಲ ನೆಲಕ್ಕೆ ಹಣೆ ಮುಟ್ಟಿಸಿದ. ಏಳಿಸಲು ಬಂದ ಮುಕ್ತಾಳ ಕಿವಿಯಲ್ಲಿ ಕೇಳಿದ, “ನಿಂಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು?”

“ಮದುವೆಯಾಗಿ ಇಷ್ಟು ವರ್ಷದಲ್ಲಿ ನೀವು ನನ್ನ ಅಮ್ಮನನ್ನು ಹೊಗಳಿದ್ದು ಇದೇ ಮೊದ್ಲು,” ಎಂದಳು ಮುಕ್ತಾ. “ನಡುವೆ ಬಾಯಿ ಹಾಕ್ಲಿಕ್ಕೆ ಮನಸ್ಸಾಗ್ಲಿಲ್ಲ.”

ಆಗ ಕಿಟ್ಟಣ್ಣನವರು ಸರ್‌ಪ್ರೈಸ್ ಬಿಚ್ಚಿದರು. ಒಂದು ಶಾಲು ಮಾಪಣ್ಣನವರ ಹೆಗಲಿಗೆ. ಇನ್ನೊಂದು, ಚಿನ್ನದ ಅಂಚಿನದು, ಜಯಶೀಲನ ಮೂಗಿನ ತುದಿಯಿಂದ ಒಂದು ಗೇಣು ದೂರದಲ್ಲಿ ಹಾದು ವೇದಾವತಿಯವರ ಹೆಗಲಿಗೆ. ಯಾರೋ ಜಯಶೀಲನ ಕೈಗೆ ತಟ್ಟೆ ಕೊಟ್ಟರು. ಕೈಗಳಿಗೆ ಅಭ್ಯಾಸವಿತ್ತು, ಹಿಡಿದುಕೊಂಡವು. ಫೋಟೋ ತೆಗೆದರು.

“ಎರಡು ಮಾತು,” ಎಂದು ಕಿಟ್ಟಣ್ಣನವರು ಮೈಕನ್ನು ವೇದಾವತಿಯವರ ಮುಂದಿಟ್ಟರು. ಜಯಶೀಲನ ಭಾಷಣದಲ್ಲಿ ಇನ್ನೂ ಆರು ಹಾಳೆ ಉಳಿದಿತ್ತು. ವೇದಾವತಿ ಮಾತಾಡಿದ್ದು ನಲವತ್ತು ನಿಮಿಷ. ಆ ದಿನ ಕಲ್ಯಾಣದಲ್ಲಿ ನುಗ್ಗೆಕಾಯಿ ಎಷ್ಟು ಎಳೆಯದಿತ್ತು, ಎರಡು ನಲವತ್ತರ ಲೋಕಲು ಹೇಗೆ ತಪ್ಪಿತು, ತಪ್ಪಿಸಿದ ಆ ಸುಣ್ಣದ ಮುಖದವರನ್ನು ಎಷ್ಟು ಶಪಿಸಿದೆ, ಅವರಲ್ಲಿ ಒಬ್ಬರು ಇಷ್ಟು ಒಳ್ಳೆಯ ಮನುಷ್ಯ ಎಂದು ಗೊತ್ತಿದ್ದರೆ ಮೆಲ್ಲ ತಿವಿಯುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಪಣ್ಣ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನಕ್ಕದ್ದಕ್ಕೋ ಅತ್ತದ್ದಕ್ಕೋ ಅವರಿಗೇ ಗೊತ್ತಿರಲಿಲ್ಲ.

ಜಯಶೀಲನೂ ನಕ್ಕ. ತನ್ನ ಭಾಷಣ ಮೂಲ, ಅತ್ತೆಯದು ಅದರ ರೀಮೇಕು. ಮೂಲಕ್ಕಿಂತ ರೀಮೇಕು ಮೇಲು ಎಂದು ಅವನೇ ಅಲ್ಲವೇ ಸಾರಿದ್ದು?

“ಈಗ ವಂದನಾರ್ಪಣೆ,” ಎಂದರು ಕಿಟ್ಟಣ್ಣನವರು, ಮತ್ತು ಬಾಗಿಲ ಕಡೆ ನಡೆದರು.

ಉಪ್ಪಿಟ್ಟಿನ ಪರಿಮಳ ತೇಲಿಬಂತು, ಅದರ ಬೆನ್ನಿಗೆ ಶೀರಾದ ತುಪ್ಪದ್ದು. ಸಭೆ ಎದ್ದಿತು. ಕೈ ಮುಂದೆ ಚಾಚಿ, ಕಣ್ಣು ನೆಟ್ಟು, ನಿಧಾನವಾಗಿ, ಎಲ್ಲರೂ ಒಂದೇ ದಿಕ್ಕಿಗೆ. ಜಯಶೀಲ ಕಾಗದ ಬಿಡಿಸಿ ಓದತೊಡಗಿದ: “ಪರದೆ ಒದಗಿಸಿದವರಿಗೆ... ಕುರ್ಚಿ ಒದಗಿಸಿದವರಿಗೆ...”

ತಲೆಯೆತ್ತಿ ನೋಡಿದಾಗ ಆ ಗುಂಪಿನ ನಡುವೆ ಒಬ್ಬರು ಮಾತ್ರ ಎದುರು ದಿಕ್ಕಿಗೆ ಬರುತ್ತಿದ್ದರು. ಚಿನ್ನದ ಅಂಚಿನ ಶಾಲು. ದಾಪುಗಾಲು. ಉಪಾಧ್ಯಕ್ಷರನ್ನೂ ಖಜಾಂಚಿಯನ್ನೂ ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ವೇದಾವತಿ ನೇರವಾಗಿ ವೇದಿಕೆಯ ಕಡೆಗೇ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಶೀರಾ ಬಿಟ್ಟು ಅವನ ವಂದನಾರ್ಪಣೆ ಕೇಳಲು ಬರುತ್ತಿದ್ದಾರೆ, ಅದೂ ಸ್ವಂತ ಅತ್ತೆ! ಅವನು ದನಿ ಏರಿಸಿದ: “ಕೊನೆಯದಾಗಿ, ಈ ಸಂಜೆಯನ್ನು ಸಾರ್ಥಕಗೊಳಿಸಿದ ನನ್ನ ಪೂಜ್ಯ...”

ವೇದಾವತಿ ಮೈಕಿನ ಮುಂದೆ ನಿಂತು ಅದೇ ಆರಡಿಯ ನೋಟ ನೋಡಿದರು.

“ಆಚೆ ಸರೀರಿ ಜಯಶೀಲ,” ಎಂದು ಪಕ್ಕೆಗೆ ಒಂದು ಕೊಟ್ಟರು. “ನನ್ನ ನುಗ್ಗೆಕಾಯಿ ಚೀಲ ನಿಮ್ಮ ಕಾಲಡಿ ಉಂಟು.”